ಕಾಗೆ ಓಡಿಸುವ ಗಾಡಿ

ಅಮ್ಮನ ಮೊಣಕಾಲಿನ ಆಪರೇಷನ್ ಆದ ವರ್ಷ ನಾನು ಒಂದು ರೋಬೋಟ್ ಮಾಡಿದೆ. ನನಗಾಗ ನಲವತ್ತಾರು. ಮಣಿಪಾಲದ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಬಹಳ ವರ್ಷಗಳಿಂದ ಸಹಾಯಕಿ. ವಿದ್ಯಾರ್ಥಿಗಳಿಗೆ ಸಾಮಾನು ಕೊಡುವುದು, ಸಂಜೆ ವಾಪಸು ತೆಗೆದಿಡುವುದು ನನ್ನ ಕೆಲಸ. ಅವರ ರೋಬೋಟುಗಳು ಮೇಜಿನಿಂದ ಬೀಳುವುದನ್ನು ಸಾಕಷ್ಟು ನೋಡಿದ್ದೆ. ನಾನಾಗಿ ಒಂದು ತಂತಿಯನ್ನೂ ಬೆಸೆದಿರಲಿಲ್ಲ.

ಕಡಲ ತೀರದ ಹೂಡೆಯ ನಮ್ಮ ಮನೆಯಲ್ಲಿ ಅಮ್ಮ ಒಣಮೀನು ಮಾಡಿ ಮಾರುತ್ತಾಳೆ. ಉಪ್ಪು ಹಾಕಿದ ಬಂಗುಡೆಯನ್ನು ಅಂಗಳದ ಟಾರ್ಪಾಲಿನ ಮೇಲೆ ಹರಡಿ, ಕೋಲು ಹಿಡಿದು ದಿನವಿಡೀ ಕಾಗೆ ಓಡಿಸಬೇಕು. ಆಪರೇಷನ್ ಆದ ಮೇಲೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ನೋವು ಕಡಿಮೆಯಾಗಿತ್ತು, ಹೆದರಿಕೆ ಹೋಗಿರಲಿಲ್ಲ. ಕುಳಿತಲ್ಲಿಂದಲೇ ಬೈದಳು. ಬೈಗುಳಕ್ಕೆ ಕಾಗೆಗಳು ಎರಡೇ ದಿನದಲ್ಲಿ ಒಗ್ಗಿಕೊಂಡವು.

ಒಂದು ಶನಿವಾರ ಉಡುಪಿಯ ಅಂಗಡಿಯಿಂದ ಮೋಟಾರ್ ಕಿಟ್ ತಂದೆ. ಎರಡು ಹಳದಿ ಮೋಟಾರು, ಎರಡು ಚಕ್ರ, ಮುಂದಕ್ಕೆ ಒಂದು ಪುಟ್ಟ ಉರುಳೆ, ಬ್ಯಾಟರಿ ಡಬ್ಬಿ, ರಿಮೋಟ್. ಹೇಗೆ ಜೋಡಿಸಬೇಕೆಂಬ ಕಾಗದ ಮಾತ್ರ ಇರಲಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೇಗೋ ಜೋಡಿಸಿ, ಜಗಲಿಯಲ್ಲಿಟ್ಟು ಮುಂದಕ್ಕೆ ಹೋಗುವ ಗುಂಡಿ ಒತ್ತಿದೆ. ಅದು ನಿಂತಲ್ಲೇ ಗಿರಗಿರ ತಿರುಗಿತು. ಹಿಂದಕ್ಕೆ ಒತ್ತಿದೆ. ಇನ್ನೊಂದು ದಿಕ್ಕಿಗೆ ತಿರುಗಿತು. ಬ್ಯಾಟರಿ ಬದಲಿಸಿದೆ. ಇನ್ನೂ ಜೋರಾಗಿ ತಿರುಗಿತು.

ಅಮ್ಮ ಅರ್ಧ ಗಂಟೆ ನೋಡಿದಳು.

"ಎಡದವನು ಮುಂದಕ್ಕೆ, ಬಲದವನು ಹಿಂದಕ್ಕೆ ಹುಟ್ಟು ಹಾಕಿದರೆ ದೋಣಿ ಎಲ್ಲಿಗೆ ಹೋಗುತ್ತದೆ ಮಾರಾಯ್ತಿ?" ಎಂದಳು.

ಬಲಗಡೆ ಮೋಟಾರಿನ ಎರಡು ತಂತಿ ಅದಲು ಬದಲು ಮಾಡಿದೆ. ಗಾಡಿ ನೇರವಾಗಿ ಹೋಗಿ ಗೋಡೆಗೆ ಗುದ್ದಿತು. ಲ್ಯಾಬಿನಲ್ಲಿ ಕಳೆದ ವರ್ಷಗಳ ಬಗ್ಗೆ ನನಗೆ ಸ್ವಲ್ಪ ನಾಚಿಕೆಯಾಯಿತು.

ಮರುದಿನ ಅದರ ಮೇಲೆ ಕೆಂಪು ಪ್ಲಾಸ್ಟಿಕ್ ಚೀಲ ಕಟ್ಟಿ, ರಿಮೋಟನ್ನು ಅಮ್ಮನ ಕೈಗಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಕೇಳಿದೆ, "ಹೇಗುಂಟು?"

"ಬೆಳಿಗ್ಗೆ ಹೆದರಿದವು. ಊಟದ ಹೊತ್ತಿಗೆ ಒಂದು ಕಾಗೆ ಅದರ ಮೇಲೆಯೇ ಕುಳಿತುಕೊಂಡು ಹೋಯಿತು."

"ಎಲ್ಲಿಗೆ?"

"ಬಂಗುಡೆಯ ಹತ್ತಿರಕ್ಕೆ. ಗಾಡಿ ನಾನೇ ಬಿಟ್ಟದ್ದಲ್ವಾ."

ಅದಕ್ಕಿಂತ ದೊಡ್ಡ ತೊಂದರೆ ಟಾರ್ಪಾಲಿನ ಅಂಚು. ಅಲ್ಲಿ ಉರುಳೆ ಮರಳಿಗೆ ಇಳಿದು ಗಾಡಿ ಮಗುಚಿ ಬೀಳುತ್ತಿತ್ತು. ಚಕ್ರಗಳನ್ನು ಮೇಲೆ ಮಾಡಿಕೊಂಡು ಕಿರ್ರೋ ಎನ್ನುತ್ತಿತ್ತು. ಬ್ಯಾಟರಿ ಮುಗಿಯುತ್ತದೆಂದು ಅಮ್ಮ ಕೋಲೂರಿಕೊಂಡು ಎದ್ದು ಹೋಗಿ ನೆಟ್ಟಗೆ ಮಾಡುತ್ತಿದ್ದಳು. ಇದು ನನಗೆ ಗೊತ್ತಾದದ್ದು ಒಂದು ವಾರದ ನಂತರ, ರಜೆ ಹಾಕಿ ಮನೆಯಲ್ಲಿದ್ದ ದಿನ. ಕುರ್ಚಿಯಿಂದ ಎದ್ದಳು, ಅಂಗಳ ದಾಟಿದಳು, ಕೋಲಿನ ತುದಿಯಿಂದ ಗಾಡಿಯನ್ನು ಮೀಟಿದಳು, ಹೇಗೂ ಬಂದದ್ದಕ್ಕೆ ನಾಲ್ಕು ಕಾಗೆ ಓಡಿಸಿ ವಾಪಸು ಬಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ಕೂತ ಮೇಲೆ ಮೆಲ್ಲನೆ ಹೊರಗೆ ಬಂದು, "ಉರುಳೆ ಬದಲಿಸಿದರೆ ಬೀಳುವುದಿಲ್ಲ. ಈಗಲೇ ಮಾಡಿಕೊಡಲಾ?" ಎಂದೆ.

"ಎಂತಕ್ಕೆ?" ಎಂದಳು.

ನಾನು ಒತ್ತಾಯಿಸಲಿಲ್ಲ.

ತಿಂಗಳ ನಂತರ ಮಣಿಪಾಲದಲ್ಲಿ ಡಾಕ್ಟರು ಅವಳನ್ನು ನಡೆಸಿ ನೋಡಿದರು. "ಚೆನ್ನಾಗಿ ನಡೆಯುತ್ತೀರಲ್ಲ. ವ್ಯಾಯಾಮ ಎಂತ ಮಾಡಿದಿರಿ?"

"ಮಗಳು ಒಂದು ಗಾಡಿ ಮಾಡಿದ್ದಾಳೆ," ಎಂದಳು ಅಮ್ಮ. "ಸರಿ ಇಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದೆ.

ವಾಪಸು ಬರುವಾಗ ಸಂತೆಕಟ್ಟೆಯಲ್ಲಿ ಬಸ್ಸು ಬದಲಿಸಬೇಕಿತ್ತು. ನಾನು ಮೊದಲು ಇಳಿದು ಅವಳಿಗೆ ಕೈ ಚಾಚಿದೆ. ಅವಳು ಆ ಕೈಗೆ ಚೀಲ ಕೊಟ್ಟು, ಕಂಬಿ ಹಿಡಿದು ತಾನೇ ಇಳಿದಳು.