ಗಂಗವ್ವನ ಅಂಬಾಸಿಡರ್ ಮತ್ತು ನಾನು ಕೊಟ್ಟ ತೀರ್ಪು

ಆರು ವರ್ಷಗಳ ಹಿಂದಿನ ಮಾತು. ಆಗ ಹುನಗುಂದದಲ್ಲಿ ನನ್ನದೇ ಗ್ಯಾರೇಜ್ ಇತ್ತು. ಮೂವತ್ತು ವರ್ಷ ಇಂಜಿನ್ ಬಿಚ್ಚಿ ಕಟ್ಟಿದವನು. ಸದ್ದು ಕೇಳಿಯೇ ರೋಗ ಹೇಳುತ್ತೇನೆಂಬ ಸೊಕ್ಕು ನನಗೆ ಸ್ವಲ್ಪ ಹೆಚ್ಚೇ ಇತ್ತು.

ಒಂದು ಬೆಳಿಗ್ಗೆ ಇಳಕಲ್ಲಿನ ಗಂಗವ್ವ ಹಳೆಯ ಅಂಬಾಸಿಡರ್ ಒಂದನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆತಂದರು. ಸೀರೆ ನೇಯ್ದು ಗಳಿಸಿದ್ದರಲ್ಲಿ ಅವರೇ ಕೊಂಡ ಕಾರು. ಬೇವೂರಿನಲ್ಲಿ ತಮ್ಮನ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಿಂತು ಕೋಳಿಗಳ ಮನೆಯಾಗಿತ್ತು. ಆ ತಮ್ಮ ಅದನ್ನು ಗುಜರಿಗೆ ಕೊಡಲು ಮಾತಾಡಿದ್ದ. ಇವರು ಜಗಳ ತೆಗೆದು ಬಿಡಿಸಿಕೊಂಡು ಬಂದಿದ್ದರು, ಆದರೆ ಒಂದು ಷರತ್ತಿನ ಮೇಲೆ: ಇಂಜಿನ್ ಹೋಗಿದ್ದರೆ ಸಂಜೆಗೇ ಗುಜರಿಗೆ.

ಟ್ಯಾಂಕ್ ತೊಳೆದು, ಆಯಿಲ್ ಬದಲಿಸಿ, ಬೇರೆ ಬ್ಯಾಟರಿ ಹಾಕಿದಾಗ ಇಂಜಿನ್ ಚಾಲೂ ಆಯಿತು. ಜೊತೆಗೇ ಟಕ್ ಟಕ್ ಟಕ್! ಪಿಸ್ಟನ್ನಿನ ರಾಡ್ ಕ್ರ್ಯಾಂಕ್ ಶಾಫ್ಟಿಗೆ ಕೂಡುವಲ್ಲಿ ಬೇರಿಂಗ್ ಸವೆದರೆ ಹೀಗೇ ಬಡಿಯುತ್ತದೆ. ನಾನು ಬಗ್ಗಿ ನೋಡಲೂ ಇಲ್ಲ.

“ಬೇರಿಂಗ್ ಹೋಗೇತ್ರಿ ಅಕ್ಕಾ. ಸುಮ್ನ ಗುಜರಿಗೆ ಕೊಟ್ಟುಬಿಡ್ರಿ,” ಎಂದೆ.

ಗಂಗವ್ವ ಜಾಗ ಬಿಟ್ಟು ಕದಲಲಿಲ್ಲ.

“ಮಗ್ಗ ಕೆಟ್ಟರ ನಾವು ಜೋರ ನೇಯಂಗಿಲ್ರಿ ಮಿಸ್ತ್ರಿ. ನಿಧಾನಕ ಒಂದೊಂದ ಸಲ ತುಳದು, ಎಲ್ಲಿ ತಪ್ಪತೈತಿ ಅಂತ ಕಿವಿಗೊಡ್ತೀವಿ. ಇದನ್ನೂ ಕೈಲೆ ತಿರುವ್ರಿ.”

“ಇದು ಮಗ್ಗ ಅಲ್ರಿ!” ರೇಗಿದೆ.

“ಅಷ್ಟು ನನಗೂ ಗೊತ್ತೈತಿ. ನಿಮಗಾಗದಿದ್ರ ಹ್ಯಾಂಡಲ್ ಇತ್ತ ಕೊಡ್ರಿ.”

ಸಿಟ್ಟಿನಲ್ಲೇ, ತಿರುವಲು ಹಗುರಾಗಲೆಂದು ನಾಲ್ಕೂ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ತಿರುವುವ ಹ್ಯಾಂಡಲನ್ನು ಮುಂದಿನಿಂದ ಹಾಕಿಕೊಟ್ಟೆ. ಸೆರಗು ಸಿಕ್ಕಿಸಿಕೊಂಡು ಅವರೇ ತಿರುವಿದರು. ಒಂದು ಸುತ್ತು, ಸದ್ದಿಲ್ಲ. ಎರಡನೆಯದಕ್ಕೆ ಟಕ್. ಮತ್ತೆ ತಿರುವಿದರು. ಮತ್ತೆ ಎರಡಕ್ಕೊಂದೇ ಟಕ್.

ನನ್ನ ಮುಖ ಸಣ್ಣದಾಯಿತು. ಬೇರಿಂಗಿನದಾಗಿದ್ದರೆ ಪ್ರತಿ ಸುತ್ತಿಗೂ ಬಡಿಯಬೇಕಿತ್ತು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ತಿರುಗುವುದು ಒಂದೇ ಸುತ್ತು. ಅಂದರೆ ಸದ್ದು ಕ್ಯಾಮಿನ ಕಡೆಯದು. ಈಗ ಬಗ್ಗಿದೆ. ಅವರು ತಿರುವುತ್ತಿದ್ದಂತೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಗೆ ಕಿವಿ ಹಚ್ಚಿ ಜಾಗ ಬದಲಿಸುತ್ತ ಹೋದೆ. ಪೆಟ್ರೋಲ್ ಪಂಪಿನ ಹತ್ತಿರ ಸದ್ದು ಕಿವಿಗೇ ಹೊಡೆಯಿತು. ಪಂಪ್ ಬಿಚ್ಚಿದರೆ, ಕ್ಯಾಮಿಗೆ ತಾಗಿ ಆಡುವ ಅದರ ತೋಳಿನ ಸ್ಪ್ರಿಂಗ್ ತುಂಡಾಗಿತ್ತು. ತೋಳು ಸಡಿಲಾಗಿ ಬಡಿಯುತ್ತಿತ್ತು, ಅಷ್ಟೇ! ಹಳೆಯ ಪಂಪೊಂದರ ಸ್ಪ್ರಿಂಗ್ ತೆಗೆದು ಹಾಕಿದೆ. ಸಂಜೆ ನಾಲ್ಕಕ್ಕೆ ಇಂಜಿನ್ ಶುರುವಾದಾಗ ಆ ಸದ್ದು ಇರಲಿಲ್ಲ.

ಗಂಗವ್ವ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, “ಇನ್ನ ಮ್ಯಾಲಾದ್ರೂ ಬಗ್ಗಿ ನೋಡಿ ಹೇಳ್ರಿ ಮಿಸ್ತ್ರಿ,” ಎಂದು ನಕ್ಕರು.

ಅಂದಿನಿಂದ ಕೈಯಿಂದ ತಿರುವಿ ನೋಡದೆ ನಾನು ಯಾವ ಇಂಜಿನ್ನಿಗೂ ತೀರ್ಪು ಕೊಡಲಿಲ್ಲ. ಆದರೆ ಅದಕ್ಕೂ ಮೊದಲು, ನಿಂತಲ್ಲೇ ಕೇಳಿ ನಾನು ಗುಜರಿಗೆ ಕಳಿಸಿದವು ಬಹಳ ಇದ್ದವು. ಅವುಗಳ ಮಾಲೀಕರು ಯಾರೂ ಗಂಗವ್ವನ ಹಾಗೆ ಹಟ ಹಿಡಿದಿರಲಿಲ್ಲ. ನನ್ನ ಮಾತು ನಂಬಿ ಹೋಗಿದ್ದರು.