ಖುಷ್ನುಮಾ ಸಿಸ್ಟರ್ ಹಾರ್ನ್

ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಲು ಮನೆಮನೆಗೆ ಬರುವ ನರ್ಸ್ ಖುಷ್ನುಮಾ, ನಮ್ಮ ಹುಮನಾಬಾದಿನ ಓಣಿಯ ತಿರುವಿನಿಂದಲೇ ಸ್ಕೂಟಿಯ ಹಾರ್ನ್ ಒತ್ತುತ್ತ ಬರುತ್ತಾಳೆ. ಯಮನ ಕೋಣವೂ ಇಷ್ಟು ಗದ್ದಲ ಮಾಡಲಿಕ್ಕಿಲ್ಲ. ಪಕ್ಕದ ಮನೆಯ ಲಾಲಪ್ಪನವರನ್ನು ನೋಡಲು ಅವಳು ಬಂದಳೆಂದರೆ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ಅಳತೊಡಗುತ್ತಾರೆ. ‘ಯಾಕ ಅಳಾಕತ್ತೀರಿ? ನಾ ನೋವು ಕಡಿಮಿ ಮಾಡಾಕ ಬಂದೀನಿ, ಅವರನ್ನ ಒಯ್ಯಾಕಲ್ಲ. ಚಹಾ ಇಡ್ರಿ’ ಎಂದು ಗದರುತ್ತಾಳೆ. ಲಾಲಪ್ಪನವರಿಗೆ ಗುಳಿಗೆ ನುಂಗಿಸಿ, ಪಥ್ಯವೆಂದು ಅವರ ಹೆಂಡತಿ ಬಚ್ಚಿಟ್ಟ ಶೇಂಗಾ ಹಿಂಡಿಯ ಚಟ್ನಿಪುಡಿಯನ್ನು ತಾನೇ ಹುಡುಕಿ ತಂದು ರೊಟ್ಟಿಗೆ ಹಚ್ಚಿ ಕೊಡುತ್ತಾಳೆ. ‘ಆ ಹಾರ್ನ್ ಯಾಕ ಸಿಸ್ಟರ್, ಕಿವಿ ಕಿತ್ತು ಹೋಗತಾವ’ ಎಂದು ನಾನೊಮ್ಮೆ ರೇಗಿದೆ. ‘ಹೊರಸಿನ ಮ್ಯಾಗ ಮಲಗಿದ ಲಾಲಪ್ಪ ಕಾಕಾ, ಅಡಿಗಿಮನ್ಯಾಗ ಕಾಕಿ, ಒಬ್ಬರಿಗೊಬ್ಬರು ಗೊತ್ತಾಗದಂಗ ಅಳತಿರ್ತಾರ್ರಿ’ ಎಂದಳು. ‘ನಾ ಒಳಗ ಬರೋದ್ರಾಗ ಇಬ್ಬರೂ ಕಣ್ಣು ಒರಸಿಕೊಳ್ಳಲಿ ಅಂತ.’