ಹತ್ತು ಮೂಟೆಯ ಕರಡಿ

ರುದ್ರಪ್ಪನವರಿಗೆ ತಕ್ಕಡಿ ಬೇಕಿರಲಿಲ್ಲ, ಕಣ್ಣೇ ಸಾಕಾಗಿತ್ತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಅವರ ದನಿ ಕೇಳಿಸುತ್ತಿತ್ತು: "ಎರಡೂವರೆ ಕೆ.ಜಿ. ಜಾಸ್ತಿ ಬಂದಿದೀರ ಮೇಡಂ. ಬೆಳಿಗ್ಗೆ ಕಾಫಿ ಎರಡು ಸಲ ಆಯ್ತು ಅಂತ ಕಾಣ್ತದೆ." ಶೈಲಾ ಸಿಸ್ಟರ್ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ಜಾಸ್ತಿ ಬಂದದ್ದು ಎರಡು ಕೆ.ಜಿ. ನಾನೂರು ಗ್ರಾಂ. "ನೂರು ಗ್ರಾಂ ಸೀರೆಗೆ ಅಂತ ಹಾಕಿದ್ದೆ. ಇವತ್ತು ಕಾಟನ್ ಉಟ್ಟಿದೀರ, ನೋಡ್ಲಿಲ್ಲ" ಎಂದು ರುದ್ರಪ್ಪನವರು ತಪ್ಪೊಪ್ಪಿಕೊಳ್ಳುತ್ತಿದ್ದರು.

ಇದು ಶಂಕರಪುರದ ಒಂದು ಗಲ್ಲಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಡಯಾಲಿಸಿಸ್ ಕೇಂದ್ರ. ಆರು ಕುರ್ಚಿ, ಆರು ಯಂತ್ರ. ಮೂತ್ರಪಿಂಡ ಕೈಕೊಟ್ಟವರಿಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಅದನ್ನು ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ನಮ್ಮನ್ನು ಕೂರಿಸಿ ಯಂತ್ರದಿಂದ ತೆಗೆಯಬೇಕು. ಹಾಗಾಗಿ ನಮ್ಮ ಲೋಕದಲ್ಲಿ ಕುಡಿದದ್ದೆಲ್ಲ ತೂಕ. ಹನುಮಂತನಗರದ ನಮ್ಮ ಮನೆಯಲ್ಲಿ ನನ್ನ ಕಾಫಿ ಲೋಟವನ್ನು ಯಜಮಾನರು ಅರ್ಧಕ್ಕೆ ಅಳೆದು ಕೊಡುತ್ತಿದ್ದರು. ಅವರು ಪೇಪರ್ ಹಿಡಿದು ಕೂತಾಗ ನಾನು ಅಡುಗೆಮನೆಗೆ ಹೋಗಿ ಇನ್ನರ್ಧ ಕುಡಿಯುತ್ತಿದ್ದೆ. ಆ ಕಳ್ಳತನ ಯಜಮಾನರಿಗೆ ಗೊತ್ತಾಗಲಿಲ್ಲ, ರುದ್ರಪ್ಪನವರಿಗೆ ಬಾಗಿಲಿಂದಲೇ ಗೊತ್ತಾಗುತ್ತಿತ್ತು.

ಗೊತ್ತಾಗದೆ ಏನು? ಕಲಾಸಿಪಾಳ್ಯದಲ್ಲಿ ನಲವತ್ತು ವರ್ಷ ಆಲೂಗಡ್ಡೆ, ಈರುಳ್ಳಿ ಮಂಡಿ ನಡೆಸಿದವರು. ಲಾರಿಯಿಂದ ಇಳಿಯುವ ಮೂಟೆಯನ್ನು ಕಣ್ಣಲ್ಲೇ ತೂಗಿದವರು. ಚಾಮರಾಜಪೇಟೆಯ ಮನೆಯಿಂದ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮದುವೆಮನೆಗೆ ಹೊರಟವರಂತೆ ಬರುತ್ತಿದ್ದರು. ಪೊಟ್ಯಾಸಿಯಂ ಜಾಸ್ತಿ ಎಂದು ಅವರಿಗೆ ಡಾಕ್ಟರು ಮೊದಲು ಬಿಡಿಸಿದ್ದೇ ಆಲೂಗಡ್ಡೆ. "ನಾನು ಅದನ್ನ ನಲವತ್ತು ವರ್ಷ ಮಾರ್ದೆ. ಈಗ ನಮ್ಮ ಮನೇಲಿ ಪಲ್ಯ ಮಾಡಿದ್ರೆ ನಾನು ಹೊರಗಡೆ ಜಗಲಿ ಮೇಲೆ ಕೂತ್ಕೊಬೇಕು" ಎಂದು ನಗುತ್ತಿದ್ದರು.

ಮೊದಲ ದಿನ ನನಗೆ ಅವರನ್ನು ಕಂಡರೆ ಮೈ ಉರಿದಿತ್ತು. ನಾನು ಬಸವನಗುಡಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದವಳು. ತರಗತಿಯಲ್ಲಿ ಯಾರಾದರೂ ಪೆನ್ಸಿಲ್ ಕುಟ್ಟಿದರೂ ಸಹಿಸಿದವಳಲ್ಲ. ಕೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ಲೋಕದ ಮೇಲೆಲ್ಲ ಕೋಪ ಮಾಡಿಕೊಂಡು ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಈ ಮನುಷ್ಯ ಫೋನಿನಲ್ಲಿ ಜೋರಾಗಿ ಕರಡಿ ಕಾಳಗದ ವಿಡಿಯೊ ಹಾಕಿದ್ದರು. ಒಂದು ಕಡೆ ಬಿಳಿ ಹಿಮಕರಡಿ, ಇನ್ನೊಂದು ಕಡೆ ಕಂದು ಕರಡಿ, ಗೆಲ್ಲುವವರು ಯಾರು ಎಂದು ಯಾರೋ ಕಿರುಚುತ್ತಿದ್ದರು.

"ಸ್ವಲ್ಪ ಸಣ್ಣಗೆ ಇಟ್ಕೋತೀರಾ?" ಎಂದೆ.

"ಇಟ್ಕೋತೀನಿ. ಮೊದಲು ಹೇಳಿ, ನೀವು ಯಾರ ಕಡೆ?"

"ಇದೂ ಒಂದು ಪ್ರಶ್ನೆಯೇ? ಹಿಮಕರಡಿ. ಭೂಮಿ ಮೇಲೆ ಅದಕ್ಕಿಂತ ದೊಡ್ಡ ಕರಡಿ ಇಲ್ಲ."

"ಹಂಗಲ್ಲ ಮೇಡಂ" ಎಂದು ಅವರು ಫೋನ್ ಮುಚ್ಚಿಟ್ಟು ನನ್ನ ಕಡೆ ತಿರುಗಿದರು. ಅಲ್ಲಿಂದ ಮೂರು ವರ್ಷ ಆ ಜಗಳ ನಿಲ್ಲಲಿಲ್ಲ.

ಅವರ ಲೆಕ್ಕಾಚಾರವೆಲ್ಲ ಮಂಡಿಯ ಲೆಕ್ಕಾಚಾರ. "ಮೊದಲು ತೂಕ ನೋಡ್ಬೇಕು. ಐವತ್ತು ಕೆ.ಜಿ. ಮೂಟೆ ಲೆಕ್ಕದಲ್ಲಿ ನಿಮ್ಮ ಹಿಮಕರಡಿ ಹತ್ತು ಮೂಟೆ ಅಂತೀರ, ಒಪ್ದೆ. ನದಿ ದಡದಲ್ಲಿ ಮೀನು ತಿಂದು ಬೆಳೆದ ಕಂದು ಕರಡೀನೂ ಹತ್ತು ಮೂಟೆ ತೂಗ್ತದೆ. ಆಮೇಲೆ ಜಾಗ. ಯಾರ ಏರಿಯಾದಲ್ಲಿ ಜಗಳ? ಆಮೇಲೆ ಹಸಿವು. ಹೊಟ್ಟೆ ತುಂಬಿದೋನು ಯಾಕೆ ಹೊಡೆದಾಡ್ತಾನೆ?" ನಾನು ಬಿಡುತ್ತಿರಲಿಲ್ಲ. ಹಿಮಕರಡಿಯ ಉದ್ದನೆಯ ಕತ್ತು, ಸೀಲ್ ಪ್ರಾಣಿಯನ್ನು ಮಂಜುಗಡ್ಡೆಯ ತೂತಿನಿಂದ ಎಳೆದು ಹಾಕುವ ದವಡೆ, ದಿನಗಟ್ಟಲೆ ಈಜುವ ದಮ್ಮು ಎಲ್ಲವನ್ನೂ ಪಾಠದಂತೆ ಒಪ್ಪಿಸುತ್ತಿದ್ದೆ. ಅವರು ಕಂದು ಕರಡಿಯ ಭುಜದ ಗೂನು ಹಿಡಿದು ಕೂರುತ್ತಿದ್ದರು. "ಆ ಗೂನೆಲ್ಲ ಬರೀ ಶಕ್ತಿ ಮೇಡಂ. ನಮ್ಮ ಹಮಾಲರ ಭುಜ ನೋಡಿದೀರಾ? ಸೇಮ್." ಶೈಲಾ ಸಿಸ್ಟರ್ ನನ್ನ ಪಕ್ಷ. ಬಿಳಿ ಬಣ್ಣ ಚೆನ್ನಾಗಿದೆ ಎಂಬುದೊಂದೇ ಅವರ ಕಾರಣವಾದ್ದರಿಂದ ಆ ಬೆಂಬಲದಿಂದ ನನಗೆ ಅವಮಾನವೇ ಆಗುತ್ತಿತ್ತು.

ರುದ್ರಪ್ಪನವರದೊಂದು ಕಟ್ಟುನಿಟ್ಟು ಇತ್ತು. ಯಂತ್ರ ಕುಯ್ ಎಂದು ನಾಲ್ಕು ಗಂಟೆ ಮುಗಿಯಿತೆಂದು ಕೂಗಿದರೆ ಜಗಳ ಅಲ್ಲಿಗೇ ನಿಲ್ಲಬೇಕು. ಹಿಮಕರಡಿ ಎದುರಾಳಿಯ ಕತ್ತಿಗೆ ಬಾಯಿ ಹಾಕಿದ್ದರೂ ಸರಿ, ಅಲ್ಲೇ ನಿಲ್ಲಬೇಕು. "ಮಿಕ್ಕಿದ್ದು ಗುರುವಾರ" ಎಂದು ಎದ್ದುಬಿಡುತ್ತಿದ್ದರು. ನಾನು ಆಟೊದಲ್ಲಿ ಮನೆಗೆ ಹೋಗುವಾಗ ಉತ್ತರ ಹೊಳೆದು ಕೈ ಕೈ ಹಿಸುಕಿಕೊಳ್ಳುತ್ತಿದ್ದೆ. ಒಮ್ಮೆ ಓದುತ್ತಾ ಓದುತ್ತಾ, ದಡಕ್ಕೆ ಬಂದು ಬಿದ್ದ ತಿಮಿಂಗಿಲದ ಹೆಣದ ಹತ್ತಿರ ಈ ಎರಡೂ ಕರಡಿ ಸೇರಿದರೆ ಹಿಂದೆ ಸರಿಯುವುದು ಹೆಚ್ಚಾಗಿ ಹಿಮಕರಡಿಯೇ ಎಂಬುದು ಸಿಕ್ಕಿತು. ಆ ಸಂಗತಿಯನ್ನು ನಾನು ಅವರಿಂದ ಮುಚ್ಚಿಟ್ಟೆ. ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸಿದ ಟೀಚರ್ ನಾನು, ಸ್ವಲ್ಪವೂ ನಾಚಿಕೆಯಾಗಲಿಲ್ಲ.

ಎರಡನೇ ವರ್ಷದ ಬೇಸಿಗೆಯಲ್ಲಿ ನನಗೆ ಸಾಕಾಯಿತು. ಸೂಜಿ ತಪ್ಪಿ ಕೈ ಮೊಣಕೈವರೆಗೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಾಯಾರಿಕೆ ತಡೆಯಲಾಗದೆ ಐಸ್ ತುಂಡು ಚೀಪಿ ಅಳುತ್ತಿದ್ದೆ. ಆ ಶನಿವಾರ ಹೋಗಲಿಲ್ಲ. ಮಂಗಳವಾರವೂ ಹೋಗುವುದಿಲ್ಲ, ಇನ್ನು ಮುಂದೆ ಹೋಗುವುದೇ ಇಲ್ಲ ಎಂದು ಯಜಮಾನರಿಗೆ ಹೇಳಿ ಗೋಡೆ ಕಡೆ ತಿರುಗಿ ಮಲಗಿದೆ. ಹಾಗೆಂದರೆ ಏನು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬು ಒರಗಿ ಕೂರುತ್ತಿದ್ದೆ. ಯಜಮಾನರು ಬೇಡಿಕೊಂಡರು, ಬೈದರು, ಕೊನೆಗೆ ಸುಮ್ಮನೆ ಸ್ಕೂಟರ್ ಕೀಲಿ ಹಿಡಿದು ಬಾಗಿಲಲ್ಲಿ ಕೂತರು.

ಮಂಗಳವಾರ ಹನ್ನೊಂದು ಗಂಟೆಗೆ ಫೋನ್ ಬಂತು. ಸಿಸ್ಟರ್ ನಂಬರು, ದನಿ ರುದ್ರಪ್ಪನವರದು.

"ಮೇಡಂ, ಹಿಮಕರಡಿ ಎರಡು ಪಂದ್ಯಕ್ಕೆ ಬಂದಿಲ್ಲ. ನನ್ನ ಕರಡಿ ಗೆದ್ದಿತು ಅಂತ ಎಲ್ಲರಿಗೂ ಹೇಳ್ಬಿಡ್ಲಾ?"

"ಹೇಳ್ಕೊಳ್ಳಿ."

"ಹೇಳ್ತೀನಿ. ಆದ್ರೆ ಹಿಮಕರಡಿ ಟೀಚರ್ರು ಹೆದರ್ಕೊಂಡು ಓಡೋದ್ರು ಅಂತ ಹೇಳ್ತೀನಿ."

"ರುದ್ರಪ್ಪನವರೇ, ಇದು ಅನ್ಯಾಯ!"

"ಹಂಗಾದ್ರೆ ಬಂದು ಜಗಳ ಆಡಿ. ನಿಮ್ಮ ಯಂತ್ರ ಇನ್ನೂ ಖಾಲಿ ಇದೆ. ಸಿಸ್ಟರ್ ಕೈಲಿ ಹಿಡಿಸಿಟ್ಟಿದೀನಿ."

ಕೋಪದಲ್ಲೇ ಎದ್ದೆ. ಕೋಪ ಇಲ್ಲದಿದ್ದರೆ ನನಗೆ ಎದ್ದು ಅಭ್ಯಾಸವಿರಲಿಲ್ಲ.

ಅವತ್ತು ಅವರು ಬಾಗಿಲಲ್ಲಿ ನನ್ನ ತೂಕ ಕೂಗಲಿಲ್ಲ. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡರು. ಯಂತ್ರ ಓಡಲು ಶುರುವಾಯಿತು. ನಾನೇ ಕೇಳಿದೆ, ನಿಮಗೆ ಆ ಕಂದು ಕರಡಿಯ ಮೇಲೆ ಅಷ್ಟೊಂದು ಮಮತೆ ಯಾಕೆ ಎಂದು.

"ಜಗಳಕ್ಕೆ ಅಲ್ಲ ಮೇಡಂ" ಎಂದರು. "ಅದು ಚಳಿಗಾಲದಲ್ಲಿ ಐದಾರು ತಿಂಗಳು ಗುಹೆಯಲ್ಲಿ ಮಲಗ್ತದಲ್ಲ, ಆಗ ಊಟ ಇಲ್ಲ, ನೀರಿಲ್ಲ. ಒಂದಕ್ಕೂ ಹೋಗಲ್ಲ. ನಮ್ಮ ಹಂಗೇನೆ. ನಮಗೆ ಮೂರು ದಿನಕ್ಕೇ ಉಸಿರು ಕಟ್ತದೆ. ಅದು ಬಿಸಿಲು ಬಂದ ಕೂಡ್ಲೆ ಮೈ ಕೊಡವಿಕೊಂಡು ಎದ್ದು ಹೋಗ್ತದೆ, ಕಿಡ್ನಿ ನೆಟ್ಟಗಿರ್ತದೆ. ನಾನು ಇಲ್ಲಿಗೆ ಬಂದ ಮೊದಲನೇ ವಾರ ಇದನ್ನ ಓದ್ದೆ. ಆವತ್ತಿಂದ ಅದರ ಕಡೆ. ಹೊಡೆದಾಟದಲ್ಲಿ ಸೋತ್ರೆ ಸೋಲ್ಲಿ ಬಿಡಿ. ಅದಕ್ಕೆ ಏಳಕ್ಕೆ ಬರ್ತದೆ."

ಕರಡಿ ಚಳಿಗಾಲದಲ್ಲಿ ನಿದ್ರಿಸುತ್ತದೆ ಎಂಬ ಸಾಲನ್ನು ನಾನು ವರ್ಷವರ್ಷವೂ ಓದಿಸಿದ್ದೆ. ಒಂದು ದಿನವೂ ಅದು ನೀರಿಲ್ಲದೆ ಹೇಗಿರುತ್ತದೆ ಎಂದು ಯೋಚಿಸಿರಲಿಲ್ಲ. ಅಳು ತಡೆಯಲಾಗಲಿಲ್ಲ. ಆರು ಕುರ್ಚಿಯವರ ಎದುರಿಗೇ ಅತ್ತೆ. "ಅಳಿ ಮೇಡಂ, ಅದೂ ನೀರೇ. ಐವತ್ತು ಗ್ರಾಂ ಕಮ್ಮಿ ಆಗ್ತೀರ" ಎಂದರು. ಆಮೇಲೆ ನಾನು ತಿಮಿಂಗಿಲದ ಹೆಣದ ವಿಷಯ ಬಾಯಿಬಿಟ್ಟೆ. ಅವರು ಕುರ್ಚಿಯಲ್ಲೇ ಕುಣಿದ ರಭಸಕ್ಕೆ ಯಂತ್ರ ಕುಯ್ಗುಟ್ಟಿ ಸಿಸ್ಟರ್ ಓಡಿಬಂದರು. ಆವತ್ತಿನಿಂದ ನಾನು ಒಂದು ದಿನವೂ ತಪ್ಪಿಸಿಲ್ಲ.

ಕಳೆದ ಶ್ರಾವಣದ ಒಂದು ಗುರುವಾರ ಹೋದಾಗ ಬಾಗಿಲಲ್ಲಿ ಯಾರೂ ನನ್ನ ತೂಕ ಹೇಳಲಿಲ್ಲ. ಅವರ ಕುರ್ಚಿಗೆ ಹೊಸ ಹೊದಿಕೆ ಹಾಸಿತ್ತು. ನಮ್ಮಲ್ಲಿ ಖಾಲಿ ಕುರ್ಚಿ ಕಂಡರೆ ಯಾರೂ ಏನೂ ಕೇಳುವುದಿಲ್ಲ. ನಾನೂ ಕೇಳದೆ ಹೋಗಿ ಕೂತೆ. ಸಿಸ್ಟರ್ ಹತ್ತಿರ ಬಂದು ಬಗ್ಗಿ, "ಯಾಕ್ ಮೇಡಂ ಹಿಂಗೆ ಮುಖ ಮಾಡ್ಕೊಂಡಿದೀರ? ನಿನ್ನೆ ಅವರಿಗೆ ಫೋನ್ ಬಂತು. ಕಿಡ್ನಿ ಸಿಕ್ತು, ಆಪರೇಷನ್ ಆಯ್ತು" ಎಂದರು. ನಾಲ್ಕು ವರ್ಷದಿಂದ ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿದ್ದ ಹೆಸರು. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಹೊಸ ಕಿಡ್ನಿ ಅವರ ಮೈಗೆ ಹೊಂದಬೇಕಲ್ಲ ಎಂಬ ಭಯದಲ್ಲಿ ಹೊಟ್ಟೆಕಿಚ್ಚು ಎರಡು ದಿನಕ್ಕೇ ಸತ್ತುಹೋಯಿತು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರು ಬಂದರು. ಸೋಂಕು ತಗಲಬಾರದೆಂದು ಒಳಗೆ ಬಿಡಲಿಲ್ಲ. ಗಾಜಿನ ಬಾಗಿಲಿನ ಆಚೆ ಮಾಸ್ಕ್ ಹಾಕಿಕೊಂಡು ನಿಂತರು. ಮಾಸ್ಕಿನ ಮೇಲೆ ವಿಭೂತಿ, ಅದೇ ಬಿಳಿ ಅಂಗಿ. ಯಂತ್ರಕ್ಕೆ ಕಟ್ಟಿಸಿಕೊಂಡಿದ್ದ ನಾನು ಎಡಗೈಯಲ್ಲಿ ಫೋನ್ ಹಿಡಿದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ಆರು ಕೆ.ಜಿ. ಇಳಿದಿದೀರಿ" ಎಂದೆ.

"ಏಳು. ಪರವಾಗಿಲ್ಲ, ಕಣ್ಣು ಪಳಗಿದೆ" ಎಂದರು. ಆಮೇಲೆ ಗುಟ್ಟು ಹೇಳುವವರಂತೆ, "ಬೆಳಿಗ್ಗೆಯಿಂದ ನಾಲ್ಕು ಸಲ ಹೋದೆ ಮೇಡಂ!"

ಎಲ್ಲಿಗೆ ಎಂದು ಕೇಳುವ ಅಗತ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆರು ಕುರ್ಚಿಯಲ್ಲೂ ನಗು. ಆಗ ನೋಡಿದೆ, ಅವರ ಒಂದು ಕೈ ಬೆನ್ನ ಹಿಂದೆಯೇ ಇತ್ತು.

"ಏನದು ಕೈಯಲ್ಲಿ?"

"ಏನಿಲ್ಲ."

"ತೋರಿಸಿ."

ನೀರಿನ ಬಾಟಲಿ. ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕೆಂದು ಡಾಕ್ಟರ ಅಪ್ಪಣೆಯಂತೆ. ಬಾಯಾರಿದ ಆರು ಜನರ ಎದುರಿಗೆ ಅದನ್ನು ಹಿಡಿದು ನಿಲ್ಲಲು ನಾಚಿಕೆಪಟ್ಟು ಬಚ್ಚಿಟ್ಟಿದ್ದರು.

"ಕುಡೀರಿ" ಎಂದೆ.

"ಬೇಡ ಮೇಡಂ, ನಿಮ್ಮೆದುರಿಗೆ..."

"ನಾನು ಟೀಚರ್. ಹೇಳಿದ ಹಾಗೆ ಕೇಳಿ. ಪೂರ್ತಿ ಕುಡೀರಿ, ನಾವು ನೋಡ್ತೀವಿ."

ಅವರು ಮಾಸ್ಕ್ ಇಳಿಸಿ ಬಾಟಲಿ ಎತ್ತಿದರು. ಗುಟುಕು ಇಳಿಯುವುದನ್ನು ನಾವೆಲ್ಲ ನೋಡಿದೆವು. ನಡುವೆ ಒಮ್ಮೆ ನಿಲ್ಲಿಸಿದರು, ನಾನು ಕೈ ಮಾಡಿದೆ, ಮತ್ತೆ ಎತ್ತಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಖಾಲಿಯಾದ ಮೇಲೆ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ತೋರಿಸಿದರು.

"ಒಂದು ಕೆ.ಜಿ. ಮೇಡಂ" ಎಂದರು ಫೋನಿನಲ್ಲಿ. "ಇನ್ನೊಂದು ಗಂಟೇಲಿ ಇಳಿದುಹೋಗ್ತದೆ."

"ನಮ್ಮ ಜಗಳ?"

"ಮಿಕ್ಕಿದ್ದು ನಿಮ್ಮ ಆಪರೇಷನ್ ಆದ್ಮೇಲೆ."

ಅದಾದ ಮೇಲೆ ನಾವು ಭೇಟಿಯಾಗಿಲ್ಲ. ಜನ ಸೇರುವ ಕಡೆ ಅವರು ಹೋಗಬಾರದು, ಮಂಡಿಯನ್ನೂ ಅಳಿಯನಿಗೆ ಬಿಟ್ಟಿದ್ದಾರಂತೆ. ನನ್ನ ಹೆಸರೂ ಪಟ್ಟಿಯಲ್ಲಿದೆ. ತೂಕದ ಯಂತ್ರದ ಮೇಲೆ ನಿಲ್ಲುವ ಮೊದಲು ನನ್ನ ತೂಕ ನಾನೇ ಹೇಳುತ್ತೇನೆ, ಈಗೀಗ ಇನ್ನೂರು ಗ್ರಾಂಗಿಂತ ಹೆಚ್ಚು ತಪ್ಪುವುದಿಲ್ಲ. ಹೋದ ವಾರ ಗಾಂಧಿ ಬಜಾರಿನಲ್ಲಿ ಒಂದು ಲೀಟರಿನ ಸ್ಟೀಲ್ ಬಾಟಲಿ ಕೊಂಡು ತಂದು ಅಡುಗೆಮನೆಯ ಕಪಾಟಿನಲ್ಲಿ ಇಟ್ಟೆ. ಯಜಮಾನರು ಅದನ್ನು ಹೊರಗೆ ತೆಗೆದರು. ತೊಳೆದು, ಒರೆಸಿ, ಮುಚ್ಚಳ ತೆಗೆದಿಟ್ಟರು.